ಸ್ನಾನವನ್ನು ಎಲ್ಲಿಂದ ತೆಗೆದುಕೊಂಡರು?

ಮಾನ್ಯರೇ,

ತದಡಿಯ ತಾರಿಯನ್ನು, ಅಂದರೆ ಹೊಳೆ ದಾಟಿಸುವ ದೋಣಿಯನ್ನು, ಕುರಿತ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಅಡ್ಡಿಯಾಗಿರುವುದು ಒಂದೇ ಕ್ರಿಯಾಪದ: 11 ಪುಟಗಳಲ್ಲಿ ‘ತೆಗೆದುಕೊಳ್ಳು’ 34 ಸಲ ಬಂದಿದೆ, ಮತ್ತು ಅದರ ಹಿಂದೆ ಇಂಗ್ಲಿಷಿನ ‘ಟೇಕ್’ ನಿಂತಿರುವುದು ಕಾಣುತ್ತದೆ.

‘ಟೇಕ್’ ಇಂಗ್ಲಿಷಿಗೂ ಹೊರಗಿನಿಂದಲೇ ಬಂದದ್ದು. ವೈಕಿಂಗರ ನಾರ್ಸ್ ನುಡಿಯ ಈ ಪದವು ಹಳೆಯ ಇಂಗ್ಲಿಷಿನ ‘ನಿಮನ್’ ಎಂಬ ಪದವನ್ನು ಕ್ರಮೇಣ ಮೂಲೆಗೊತ್ತಿತು. (ಮರಗಟ್ಟಿದ ಕೈಕಾಲಿಗೆ ಹೇಳುವ ‘ನಮ್’ ಎಂಬ ಮಾತಿನಲ್ಲಿ ಆ ಹಳೆಯ ಪದದ ಕುರುಹು ಇನ್ನೂ ಉಳಿದಿದೆ.) ಹಿಡಿ, ವಶಪಡಿಸಿಕೋ ಎಂಬ ಗಟ್ಟಿ ಅರ್ಥವಿದ್ದ ‘ಟೇಕ್’ ಬಳಸಿ ಬಳಸಿ ಎಷ್ಟು ಸವೆದಿದೆಯೆಂದರೆ, ಸ್ನಾನ, ಬಸ್ಸು, ಸಮಯ ಯಾವುದರ ಜೊತೆ ಸೇರಿದರೂ ಅರ್ಥದ ಭಾರವನ್ನೆಲ್ಲ ನಾಮಪದಕ್ಕೆ ಬಿಟ್ಟು ತಾನು ಬರಿಯ ಊರುಗೋಲಾಗಿ ನಿಲ್ಲುತ್ತದೆ.

ನಮ್ಮ ‘ತೆಗೆ’ ಅಷ್ಟು ಸವೆದಿಲ್ಲ. ಬಾಗಿಲು ತೆಗೆಯುವಲ್ಲಿ, ಮುಳ್ಳು ತೆಗೆಯುವಲ್ಲಿ ಒಂದು ಕೈ ಕಾಣುತ್ತದೆ. ‘ಕೊಳ್ಳು’ ಸೇರಿದರೆ ಆ ಕೈ ವಸ್ತುವನ್ನು ತನ್ನತ್ತ ಎಳೆಯುತ್ತದೆ, ಅಂಗಡಿಯಲ್ಲಾದರೆ ಹಣವನ್ನೂ ಕೊಡುತ್ತದೆ. ಆದ್ದರಿಂದ ನಿಮ್ಮ ಕಥೆಯ ಹೆಗಡೆಯವರು ‘ಸ್ನಾನ ತೆಗೆದುಕೊಂಡು, ಶಿರಸಿಯಿಂದ ಕುಮಟೆಗೆ ಬಸ್ಸು ತೆಗೆದುಕೊಂಡರು’ ಎಂದು ಓದಿದಾಗ, ಅಡಿಕೆಗೆ ಆ ವರ್ಷ ಒಳ್ಳೆಯ ದರ ಬಂದಿರಬೇಕೆಂದು ನಾನು ಒಂದು ಕ್ಷಣ ಭಾವಿಸಿದೆ. ಅವರು ಮೀಯಲಿ, ಬಸ್ಸು ಹತ್ತಲಿ. ದೇವಿಮನೆ ಘಟ್ಟವು ಎರಡು ತಾಸು ‘ತೆಗೆದುಕೊಳ್ಳುವುದು’ ಬೇಡ, ಘಟ್ಟ ಇಳಿಯಲು ಎರಡು ತಾಸು ಹಿಡಿಯಲಿ. ಮಗನ ಮಾತನ್ನು ಅವರು ‘ಕೆಟ್ಟದಾಗಿ ತೆಗೆದುಕೊಂಡರು’ ಎನ್ನುತ್ತೀರಿ. ಮನಸ್ಸಿಗೆ ಹಚ್ಚಿಕೊಂಡರು ಎಂದಿದ್ದರೆ ನೋವು ನನಗೂ ತಟ್ಟುತ್ತಿತ್ತು. ಎಲ್ಲಕ್ಕಿಂತ ಬೇಸರ ತಂದದ್ದು, ಜಗಲಿಯಲ್ಲಿ ಕುಳಿತವರು ‘ಕವಳ ತೆಗೆದುಕೊಂಡರು’ ಎಂಬ ಸಾಲು. ನಮ್ಮ ಸೀಮೆಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಾರೆ. ಇದು ನಿಮ್ಮ ಮನೆಯ ಜಗಲಿಯಲ್ಲೇ ದಿನವೂ ಕೇಳುವ ಮಾತಲ್ಲವೇ?

‘ನಿರ್ಧಾರ ತೆಗೆದುಕೊಳ್ಳು’ ಎಂಬುದು ಪತ್ರಿಕೆಗಳ ಮೂಲಕ ರೂಢಿಯಾಗಿಬಿಟ್ಟಿದೆ, ಅದರ ಮೇಲೆ ನನಗೆ ಜಗಳವಿಲ್ಲ. ಬ್ಯಾಂಕಿನ ಮ್ಯಾನೇಜರರ ಬಾಯಲ್ಲಿ ಅದು ಒಪ್ಪುತ್ತದೆ ಕೂಡ. ಕಥೆಗಾರರಾಗಿ ನೀವು ‘ನಿರ್ಧರಿಸಿದರು’ ಎಂದರೆ ಸಾಕು.

ತಿದ್ದಿ ಕಳುಹಿಸಿ, ಮತ್ತೆ ಓದುತ್ತೇನೆ. ತಾರಿ ಅಘನಾಶಿನಿಯನ್ನು ದಾಟುವ ಒಂಬತ್ತನೆಯ ಪುಟವನ್ನು ಮಾತ್ರ ಮುಟ್ಟಬೇಡಿ. ಅಂಬಿಗನು ಒದ್ದೆ ಕೈಯಿಂದ ಚಿಲ್ಲರೆ ತೆಗೆದುಕೊಳ್ಳುತ್ತಾನಲ್ಲ, ಆ ಒಂದು ‘ತೆಗೆದುಕೊಳ್ಳು’ ಇರಬೇಕಾದಲ್ಲಿಯೇ ಇದೆ.

ಇತಿ,
ಸಂಪಾದಕ