ಟ್ಯಾಂಕರ್ ನೀರು ಹೊಡೆಸಿ ಸಾಕಾಯ್ತು, ಮತ್ತೆ ಬೆಂಗಳೂರಿಗೆ ಹೋಗ್ಲಾ?

ಪ್ರಶ್ನೆ: ಅಕ್ಕ, 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಮನೆ ಖಾಲಿ ಮಾಡಿ ಊರಿಗೆ ಬಂದೆವು. ಎರಡು ಎಕರೆ ಅಡಿಕೆ ಹಾಕಿದೆ. 2023ರ ಬರಕ್ಕೆ ಬೋರ್ ಬತ್ತಿತು. ಮರುವರ್ಷ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡೆ, ಜೊತೆಗೆ ಸಾಲವೂ ಉಳಿಯಿತು. ಈಗ ಜೆ.ಪಿ. ನಗರದಲ್ಲಿರುವ ಹಳೇ ಕಂಪನಿಯವರೇ ಕರೆಯುತ್ತಿದ್ದಾರೆ. ಮಗಳು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದ್ದು, ಈಗ ಐದನೇ ಕ್ಲಾಸ್. ಅವಳನ್ನು ಅಜ್ಜಿ ಹತ್ತಿರ ಬಿಡು, ಗ್ರಾಮೀಣ ಕೋಟಾ ಸಿಗುತ್ತೆ ಅಂತಾರೆ ನಮ್ಮಣ್ಣ. ಊರವರು ಆಗಲೇ ನಗ್ತಿದ್ದಾರೆ. ಏನ್ ಮಾಡ್ಲಿ?
– ಓದುಗ, ಚನ್ನಗಿರಿ ತಾಲ್ಲೂಕು

ಉತ್ತರ: ಹೋಗಿ ತಮ್ಮ. ನಗುವವರು ನೀವು ಬಂದಾಗಲೂ ನಕ್ಕಿರುತ್ತಾರೆ, ಅಲ್ವಾ? ಅದನ್ನು ಅಲ್ಲಿಗೇ ಬಿಡಿ.

ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15ರಷ್ಟಿದೆ. ಆದರೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು, ಮಧ್ಯೆ ಬಿಟ್ಟರೆ ಇಲ್ಲ. ಅಂದ್ರೆ ಇನ್ನೂ ಐದು ವರ್ಷ ಮಗಳು ಅಪ್ಪ ಅಮ್ಮನನ್ನು ಬಿಟ್ಟಿರಬೇಕು, ಅದೂ ಅವಳು ದೊಡ್ಡವಳಾಗೋ ವಯಸ್ಸಲ್ಲಿ, ಮುಂದೆ ಅವಳು ಸಿಇಟಿ ಬರೀತಾಳೋ ಬಿಕಾಂ ಮಾಡ್ತಾಳೋ ಯಾರಿಗೆ ಗೊತ್ತು. ನಾನಾದರೆ ಬಿಡ್ತಿರಲಿಲ್ಲ. ಅವಳನ್ನೂ ಒಂದು ಮಾತು ಕೇಳಿ.

ತೋಟದ್ದೇ ಜಾಸ್ತಿ ಯೋಚನೆ ಮಾಡಬೇಕಾದ ವಿಷಯ. ಅಡಿಕೆ ಫಸಲಿಗೆ ಬರೋಕೆ ಐದರಿಂದ ಏಳು ವರ್ಷ ಬೇಕು. ನಿಮ್ಮದು ಈಗ ಸಿಂಗಾರ (ಅಡಿಕೆ ಹೂಗೊನೆ) ಬಿಡುವ ಹೊತ್ತು, ಬರಕ್ಕೆ ಸಿಕ್ಕ ಗಿಡ ಸ್ವಲ್ಪ ತಡವಾಗಬಹುದು. ಸಾಲ ಇದೆ ಅಂತ ಖೇಣಿದಾರರಿಂದ, ಅಂದ್ರೆ ಫಸಲು ಗುತ್ತಿಗೆಗೆ ಹಿಡಿಯುವವರಿಂದ, ಮುಂಗಡ ತಗೊಂಡು ತೋಟದ ಫಸಲನ್ನು ಮೂರು ನಾಲ್ಕು ವರ್ಷಕ್ಕೆ ಬರೆದುಕೊಟ್ಟುಬಿಡಬೇಡಿ. ಕೊಟ್ಟರೂ ಒಂದೊಂದೇ ವರ್ಷಕ್ಕೆ ಕೊಡಿ, ಕೊಯ್ಲಿನ ಹೊತ್ತಿಗೆ ನೀವೇ ಬಂದು ನಿಲ್ಲಿ.

ಹಾಗೆ ಬಂದು ನಿಲ್ಲಬೇಕು ಅಂದ್ರೆ ಮನೆ ಎಲ್ಲಿ ಹಿಡೀತೀರಿ ಅನ್ನೋದು ಮುಖ್ಯ. ನಾನು ಹರಿಹರದ ಕಡೆಯ ನಮ್ಮೂರಲ್ಲಿ ನಾಲ್ಕು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಹೋದಾಗ, ಆಫೀಸಿಗೆ ಹತ್ತಿರ ಅಂತ ಬನಶಂಕರಿ ದಾಟಿ ಮನೆ ಮಾಡಿದೆ. ಊರಿಂದ ಬರುವಾಗ ತೊಡೆ ಮೇಲೆ ಮಂಡಕ್ಕಿ ಚೀಲ ಇಟ್ಟುಕೊಂಡು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಕೂತಿದ್ದೇ ಕೂತಿದ್ದು, ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು, ಮನೆ ಸೇರೋ ಹೊತ್ತಿಗೆ ಇನ್ನು ಮುಂದಿನ ತಿಂಗಳು ಹೋಗೋದೇ ಬೇಡ ಅನ್ನಿಸಿರುತ್ತಿತ್ತು. ಕೊನೆಗೆ ಊರು ಅಂದ್ರೆ ಯುಗಾದಿ, ದೀಪಾವಳಿ ಅಷ್ಟೇ ಆಯ್ತು.

ಅದಕ್ಕೇ ನೀವು ಊರಿನ ದಾರಿಯಲ್ಲೇ ಸಿಗುವ ದಾಸರಹಳ್ಳಿ, ನಾಗಸಂದ್ರದ ಕಡೆ ನೋಡಿ. ಮೆಟ್ರೋ ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ, ಅಲ್ಲಿಂದ ಜೆ.ಪಿ. ನಗರಕ್ಕೆ ರೈಲು ಬದಲಿಸೋದೇ ಬೇಡ. ಟಿಕೆಟ್ ದರ 2025ರ ಫೆಬ್ರುವರಿಯಲ್ಲಿ ಸಿಕ್ಕಾಪಟ್ಟೆ ಏರಿಸಿದ್ದಾರೆ, ಆ ಲೆಕ್ಕ ಬಾಡಿಗೆ ಜೊತೆ ಸೇರಿಸಿಯೇ ನೋಡಿ. ಶನಿವಾರ ಸಂಜೆ ತುಮಕೂರು ರಸ್ತೆಗೆ ಬಂದು ದಾವಣಗೆರೆ ಬಸ್ಸಿಗೆ ಕೈ ಮಾಡಿದರೆ ಆಯ್ತು.

ಮನೆ ನೋಡೋಕೆ ಹೋದಾಗ ಅಡ್ವಾನ್ಸ್ ಮಾತಾಡೋ ಮೊದಲು ನಲ್ಲಿ ತಿರುಗಿಸಿ ನೋಡಿ. ಬೋರಾ, ಕಾವೇರಿನಾ ಅಂತ ಕೇಳಿ. ‘ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತೀವಿ ಸಾರ್’ ಅಂದ್ರೆ, ಚಪ್ಪಲಿ ಮೆಟ್ಟಿಕೊಂಡು ಎದುರು ಮನೆ ನೋಡೋಕೆ ಹೋಗಿ.