ವೀಲಾಕ್ ಮುಗಿಯಿತು, ಲ್ಯಾಟಿನ್‌ಗೆ ಮುಂದೆ ಯಾವ ಪುಸ್ತಕ?

ನಿಮ್ಮ ಪ್ರಶ್ನೆ ಓದಿದೆ. ಲ್ಯಾಟಿನ್ ಶುರು ಮಾಡುವವರ ಪಠ್ಯಪುಸ್ತಕ ವೀಲಾಕ್‌ನ 40 ಪಾಠ ಮುಗಿಸಿದ್ದೀರಿ. ಹೇಳಿಕೊಡುವವರು ಯಾರೂ ಇಲ್ಲ. ರೋಮಿನ ಸೀಸರ್ ಗಾಲ್ (ಈಗಿನ ಫ್ರಾನ್ಸ್ ಕಡೆ) ಯುದ್ಧದ ಬಗ್ಗೆ ಬರೆದ ಪುಸ್ತಕ ತೆರೆದರೆ ಎರಡು ಸಾಲು ದಾಟಲು ಆಗುತ್ತಿಲ್ಲ. ವ್ಯಾಕರಣಕ್ಕೂ ಅನುವಾದಕ್ಕೂ ಆಗುವಂಥ ಒಂದು ಮಧ್ಯಮ ಹಂತದ ಪುಸ್ತಕ ಹೇಳಿ ಅಂತ ಕೇಳಿದ್ದೀರಿ. ನಾನೂ ಒಬ್ಬನೇ ಕೂತು ಕಲಿತವನು, ಇದೇ ಜಾಗದಲ್ಲಿ ಒಂದು ವರ್ಷ ಸಿಕ್ಕಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲಿಗೆ, ಇನ್ನೊಂದು ಕೋರ್ಸ್ ಪುಸ್ತಕ ಕೊಳ್ಳಬೇಡಿ. ನಾನು ಮಾಡಿದ್ದು ಅದನ್ನೇ. ಬುನಾದಿ ಗಟ್ಟಿ ಇಲ್ಲ ಅಂದುಕೊಂಡು ಬೇರೆ ಪುಸ್ತಕ ತಂದು ಮತ್ತೆ ಮೊದಲ ಪಾಠದಿಂದ ಶುರು ಮಾಡಿದೆ. ಎಂಟು ತಿಂಗಳು ಹೋಯಿತು. ಸೀಸರ್ ಹತ್ತಿರ ವಾಪಸ್ ಬಂದಾಗ ಅದೇ ವಾಕ್ಯದಲ್ಲಿ ನಿಂತೆ. ನಿಯಮಗಳು ಗೊತ್ತಿದ್ದವು. ನಾಲ್ಕು ನಿಯಮ ಒಂದೇ ವಾಕ್ಯದಲ್ಲಿ ಒಟ್ಟಿಗೆ ಬಂದರೆ ಬಿಡಿಸುವ ರೂಢಿ ಇರಲಿಲ್ಲ.

ಆ ವಾಕ್ಯ ಯಾವುದು ಅಂತ ತೋರಿಸುತ್ತೇನೆ. ಗಾಲ್ ಯುದ್ಧದ ಮೊದಲ ಪುಸ್ತಕ, 33ನೇ ಅಧ್ಯಾಯದ ಶುರು. ಜರ್ಮನ್ ರಾಜ ಅರಿಯೋವಿಸ್ತುಸ್‌ನ ಕಾಟದ ಬಗ್ಗೆ ಗಾಲ್ ಮುಖಂಡರು ಸೀಸರ್ ಮುಂದೆ ದುಃಖ ತೋಡಿಕೊಂಡಿರುತ್ತಾರೆ. ಆಮೇಲೆ ಹೀಗೆ ಬರುತ್ತದೆ: ಹೀಸ್ ರೇಬುಸ್ ಕೊಗ್ನಿತೀಸ್ ಕೈಸರ್ ಗಾಲ್ಲೋರುಮ್ ಅನಿಮೋಸ್ ವೆರ್ಬೀಸ್ ಕೋನ್‌ಫಿರ್ಮಾವಿತ್ ಪೊಲ್ಲಿಕಿತುಸ್‌ಕ್ವೆ ಎಸ್ತ್ ಸಿಬಿ ಎಯಮ್ ರೆಮ್ ಕೂರೈ ಫುತೂರಮ್.

ಮೊದಲ ಮೂರು ಪದ ಅಬ್ಲೇಟಿವ್ ಆಬ್ಸಲ್ಯೂಟ್, ಅಂದರೆ ಅಬ್ಲೇಟಿವ್ ವಿಭಕ್ತಿಯಲ್ಲಿ ಬಿಡಿಯಾಗಿ ನಿಲ್ಲುವ ಪದಗುಂಪು. ಇಂಗ್ಲಿಷ್‌ನಲ್ಲಿ ಕಲಿಯುವವರು ಇದನ್ನು ಮೊದಲು ಒಂದು ಒರಟು ವಾಕ್ಯವಾಗಿ ಮಾಡಿಕೊಂಡು, ಆಮೇಲೆ ಸರಿಪಡಿಸುತ್ತಾರೆ. ನಮಗೆ ಆ ಸುತ್ತು ಬೇಡ. 'ಮಳೆ ನಿಂತ ಮೇಲೆ ಹೊರಟೆವು' ಅನ್ನುತ್ತೇವಲ್ಲ, ನಿಂತದ್ದು ಮಳೆ, ಹೊರಟದ್ದು ನಾವು. ಹಾಗೇ ಇಲ್ಲಿ 'ಈ ಸಂಗತಿಗಳು ಗೊತ್ತಾದ ಮೇಲೆ'. ಅಷ್ಟೇ. ಮುಂದೆ ವೆರ್ಬೀಸ್, ಇದೂ ಅಬ್ಲೇಟಿವ್, 'ಮಾತಿನಿಂದ'. ನಮ್ಮ 'ಇಂದ' ಕತ್ತಿಯಿಂದ ಕತ್ತರಿಸುವುದಕ್ಕೂ ಆಗುತ್ತದೆ, ಊರಿನಿಂದ ಬರುವುದಕ್ಕೂ ಆಗುತ್ತದೆ. ಲ್ಯಾಟಿನ್ ಅಬ್ಲೇಟಿವ್ ಈ ಎರಡೂ ಕೆಲಸ ಮಾಡುತ್ತದೆ.

ನಾನು ಸಿಕ್ಕಿಕೊಂಡದ್ದು ಆಮೇಲೆ. ಪೊಲ್ಲಿಕಿತುಸ್ ಎಸ್ತ್ ನೋಡಲು ಕರ್ಮಣಿ ಪ್ರಯೋಗದ ಹಾಗೆ ಇದೆ, ಆದರೆ ಅದು ಡಿಪೋನೆಂಟ್, ಅಂದರೆ ರೂಪ ಕರ್ಮಣಿ ಆದರೂ ಅರ್ಥ ಕರ್ತರಿ ಇರುವ ಕ್ರಿಯಾಪದ. ಅರ್ಥ 'ಮಾತು ಕೊಟ್ಟ'. ಎಯಮ್ ರೆಮ್ ಅಂದರೆ 'ಆ ವಿಷಯವನ್ನು'. ಹಾಗಾಗಿ ನಾನು 'ಆ ವಿಷಯವನ್ನು ಮಾತು ಕೊಟ್ಟ' ಅಂತ ಬರೆದುಕೊಂಡು ಎರಡು ದಿನ ನೋಡುತ್ತಾ ಕೂತಿದ್ದೆ. ಅಲ್ಲಿ ಕಾಣದೆ ಇರುವುದು ನಮ್ಮ 'ಅಂತ'. ಹೇಳಿದ, ತಿಳಿದ, ಮಾತು ಕೊಟ್ಟ ಅನ್ನುವ ಕ್ರಿಯಾಪದದ ಜೊತೆ ಲ್ಯಾಟಿನ್ 'ಅಂತ' ಅನ್ನುವ ಪದ ಹಾಕುವುದಿಲ್ಲ. ಒಳಗಿನ ವಾಕ್ಯದ ಕರ್ತೃವಿಗೇ 'ಅನ್ನು' ಹಚ್ಚಿ, ಕ್ರಿಯಾಪದವನ್ನು ಇನ್ಫಿನಿಟಿವ್ ('ಮಾಡಲು', 'ಇರಲು' ಥರದ ರೂಪ) ಮಾಡುತ್ತದೆ. ಇಲ್ಲಿ ಫುತೂರಮ್ ಪಕ್ಕ ಇರಬೇಕಾದ ಎಸ್ಸೆ ('ಇರಲು') ಅನ್ನುವ ಪದವನ್ನೂ ಬಿಟ್ಟಿದೆ. ಇನ್ನು ಸಿಬಿ, ಕೂರೈ ಎರಡೂ ಡೇಟಿವ್, ನಮ್ಮ 'ಗೆ' ವಿಭಕ್ತಿ: 'ತನಗೆ', 'ಕಾಳಜಿಗೆ'. ಇಂಗ್ಲಿಷ್‌ನವರಿಗೆ ಇದು ವಿಚಿತ್ರ. ನನಗೆ ಹಸಿವು, ನನಗೆ ಚಿಂತೆ ಅನ್ನುವವರಿಗೆ ಏನೂ ಅಲ್ಲ. ಕೊನೆಗೆ ನಾನು ಬರೆದದ್ದು ಇದು: 'ಇದೆಲ್ಲ ತಿಳಿದ ಮೇಲೆ ಸೀಸರ್ ಗಾಲರಿಗೆ ಮಾತಿನಿಂದ ಧೈರ್ಯ ತುಂಬಿದ. ಆ ಹೊಣೆ ತನಗಿರಲಿ ಅಂತ ಮಾತು ಕೊಟ್ಟ.' ಅವತ್ತಿನ ಖುಷಿ ಇನ್ನೂ ನೆನಪಿದೆ.

ಇವುಗಳಲ್ಲಿ ಹೆಚ್ಚಿನವನ್ನು ಬಿಡಿಬಿಡಿಯಾಗಿ ಕಲಿತೇ ಇರುತ್ತೇವೆ. ವೀಲಾಕ್‌ನಲ್ಲಿ ಅಬ್ಲೇಟಿವ್ ಆಬ್ಸಲ್ಯೂಟ್ 24ನೇ ಪಾಠ, ಆ 'ಅಂತ'ದ ವಿಷಯ 25ನೇ ಪಾಠ, ಡಿಪೋನೆಂಟ್ 34ನೇ ಪಾಠ. ಹಾಗಾಗಿ ನಿಮಗೀಗ ಬೇಕಿರುವುದು ಪಾಠಗಳ ಪುಸ್ತಕವಲ್ಲ. ಟಿಪ್ಪಣಿ ಇರುವ ಓದಿನ ಪುಸ್ತಕ ಒಂದು, ಸಿಕ್ಕಿಕೊಂಡಾಗ ತೆರೆಯುವ ವ್ಯಾಕರಣ ಒಂದು. ಒಂದೇ ಪುಸ್ತಕದಲ್ಲಿ ಎರಡೂ ಬೇಕು ಅಂತ ಹುಡುಕಿದರೆ ಎರಡೂ ಅರೆಬರೆ ಆಗುತ್ತವೆ.

ವ್ಯಾಕರಣಕ್ಕೆ ಆ್ಯಲನ್ ಮತ್ತು ಗ್ರೀನೋ ಅವರದ್ದು ಇಟ್ಟುಕೊಳ್ಳಿ. 1903ರ ಪರಿಷ್ಕೃತ ಆವೃತ್ತಿ, ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಪುಟದಿಂದ ಓದಲು ಹೋಗಬೇಡಿ, ಬೇಸರ ಬಂದು ಬಿಟ್ಟುಬಿಡುತ್ತೀರಿ. ಅದು ನಿಘಂಟಿನ ಹಾಗೆ. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಇದೆ: ಅಬ್ಲೇಟಿವ್ ಆಬ್ಸಲ್ಯೂಟ್ 419, ಮೇಲೆ ಹೇಳಿದ ಜೋಡಿ ಡೇಟಿವ್ 382, 'ಅಂತ'ದ ವಾಕ್ಯಗಳು 580ರಿಂದ ಮುಂದೆ. ಡಿಕಿನ್ಸನ್ ಕಾಲೇಜಿನವರು ಸೀಸರ್‌ನ ಆಯ್ದ ಭಾಗಗಳಿಗೆ ಅಂತರ್ಜಾಲದಲ್ಲಿ ಹಾಕಿರುವ ಟಿಪ್ಪಣಿಗಳಲ್ಲೂ ಇವೇ ಸಂಖ್ಯೆಗಳು ಬರುತ್ತವೆ. ನನ್ನ ಓದಿನ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಈ ಸಂಖ್ಯೆಗಳನ್ನೇ ಬರೆಯುತ್ತೇನೆ. ಆರು ತಿಂಗಳಲ್ಲಿ ಯಾವ ಸಂಖ್ಯೆ ಜಾಸ್ತಿ ಬಂತು ಅಂತ ನೋಡಿದರೆ ನಿಮಗೆ ಎಲ್ಲಿ ತೊಡಕು ಅಂತ ತಾನಾಗೇ ಗೊತ್ತಾಗುತ್ತದೆ.

ಓದಲಿಕ್ಕೆ ನೇರವಾಗಿ ಸೀಸರ್ ಬೇಡ. ಮೊದಲು ರಿಚಿ ಅವರ ಫಾಬುಲೈ ಫಾಕಿಲೇಸ್. ಪೆರ್ಸೆಯುಸ್, ಹರ್ಕ್ಯುಲಿಸ್, ಆರ್ಗೋ ಹಡಗಿನವರು, ಯುಲಿಸಿಸ್ ಕಥೆಗಳು. ಸೀಸರ್ ಓದುವವರನ್ನು ತಯಾರು ಮಾಡಲೆಂದೇ ಬರೆದದ್ದು, ಶುರುವಿನಲ್ಲಿ ವಾಕ್ಯ ಸಣ್ಣದು, ಹೋಗ್ತಾ ಹೋಗ್ತಾ ಗಂಟು ಬಿಗಿಯಾಗುತ್ತದೆ. ಇದೂ ಉಚಿತ. ಆಮೇಲೆ ಸ್ಟೆಡ್‌ಮನ್ ಅವರ ಸೀಸರ್ ಆವೃತ್ತಿ. ಅದರಲ್ಲಿ ಪಠ್ಯದ ಜೊತೆಗೇ ಪದಗಳ ಅರ್ಥ, ವ್ಯಾಕರಣದ ಸುಳಿವು ಕೊಟ್ಟಿದ್ದಾರೆ. ಪುಟ ತಿರುಗಿಸುವ ಕೆಲಸವಿಲ್ಲ. ಲೇಖಕರೇ ಪಿಡಿಎಫ್ ಇಟ್ಟಿದ್ದಾರೆ. ನಾನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ, ಸಾಲುಗಳ ನಡುವೆ ಬರೆಯಲು ಜಾಗ ಸಿಗುತ್ತದೆ.

ಓರ್‌ಬರ್ಗ್ ಅವರ ಪುಸ್ತಕಗಳ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಪೂರ್ತಿ ಲ್ಯಾಟಿನ್‌ನಲ್ಲೇ ಇರುವ ಪುಸ್ತಕ, ಮೊದಲ ಭಾಗ 35 ಅಧ್ಯಾಯ, ಎರಡನೆಯದು 56ರವರೆಗೆ. ಒಳ್ಳೆಯದೇ. ಪದಪದ ಒಡೆಯದೆ ಸರಾಗವಾಗಿ ಓದುವುದು ನನಗೆ ಬಂದದ್ದು ಅದರ ಮೊದಲ ಭಾಗದಿಂದ. ಆದರೆ ನೀವು ಕೇಳಿದ್ದು ಅನುವಾದ, ಅದಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ರಾತ್ರಿ ಮಲಗುವ ಮುಂಚೆ ಓದಲು ಇಟ್ಟುಕೊಳ್ಳಿ.

ಕೊಳ್ಳುವ ಮುಂಚೆ ದೀರ್ಘ ಸ್ವರದ ಗುರುತು ಇದೆಯಾ ಅಂತ ಒಂದು ಪುಟ ತೆರೆದು ನೋಡಿ. ವೆನಿತ್ ಅಂದರೆ 'ಬರುತ್ತಾನೆ', ವೇನಿತ್ ಅಂದರೆ 'ಬಂದ'. ಗುರುತಿಲ್ಲದ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾನು ಕಷ್ಟದ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಎ-ಏ, ಒ-ಓ ಬೇರೆ ಬೇರೆ ಇರುವ ಲಿಪಿ ನಮ್ಮದು. ಈ ಕೆಲಸಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವುದು ನನಗೆ ಸಿಕ್ಕಿಲ್ಲ.

ಅನುವಾದವನ್ನೂ ಕನ್ನಡಕ್ಕೇ ಮಾಡಿ. ಟಿಪ್ಪಣಿ ಇಂಗ್ಲಿಷ್‌ನಲ್ಲಿದೆ ಅಂತ ಇಂಗ್ಲಿಷ್‌ಗೆ ಮಾಡಿದರೆ ಟಿಪ್ಪಣಿಯ ವಾಕ್ಯವೇ ಕೈಗೆ ಬಂದುಬಿಡುತ್ತದೆ. ಅರ್ಥವಾಯಿತು ಅಂತ ಅನ್ನಿಸುತ್ತದೆ, ಆಗಿರುವುದಿಲ್ಲ. ಕನ್ನಡದಲ್ಲಿ ಬರೆಯುವಾಗ ಯಾರು, ಯಾರಿಗೆ, ಯಾವಾಗ ಅಂತ ನೀವೇ ತೀರ್ಮಾನ ಮಾಡಬೇಕು. ಹಾಗಂತ ಎಲ್ಲ ಕಡೆ ಕನ್ನಡ ಕೈ ಹಿಡಿಯುವುದಿಲ್ಲ. ಕ್ವೀ, ಕ್ವೈ, ಕ್ವೊಡ್ ('ಯಾರು', 'ಯಾವುದು' ಅನ್ನುವ ಸಂಬಂಧ ಸೂಚಕ ಪದಗಳು) ಅಂತ ಶುರುವಾಗುವ ಉಪವಾಕ್ಯಗಳನ್ನೆಲ್ಲ 'ಮಾಡಿದ', 'ಇರುವ' ಅಂತ ನಾಮಪದಕ್ಕೆ ಮುಂಚೆ ಪೋಣಿಸುತ್ತಾ ಹೋದರೆ ವಾಕ್ಯ ರೈಲಿನಷ್ಟು ಉದ್ದವಾಗುತ್ತದೆ. ಅಲ್ಲಿ ಎರಡಾಗಿ ಒಡೆಯಿರಿ. ಆಸೆ, ಉದ್ದೇಶ, ಸಾಧ್ಯತೆ ಹೇಳುವ ಕ್ರಿಯಾರೂಪವಾದ ಸಬ್ಜಂಕ್ಟಿವ್‌ಗಂತೂ ನಮ್ಮಲ್ಲಿ ನೇರ ಜೋಡಿ ಇಲ್ಲ. ಅದೊಂದನ್ನು ಆ್ಯಲನ್-ಗ್ರೀನೋ ಇಟ್ಟುಕೊಂಡು ನಿಧಾನಕ್ಕೆ ಓದಲೇಬೇಕು.

ವ್ಯಾಕರಣ ಕೈಗೆ ಹತ್ತಬೇಕಾದರೆ ಲ್ಯಾಟಿನ್ ಬರೆಯಲೂ ಬೇಕು. ನಾರ್ತ್ ಮತ್ತು ಹಿಲರ್ಡ್ ಅವರ ಅಭ್ಯಾಸ ಪುಸ್ತಕದಿಂದ ದಿನಕ್ಕೆ ಐದು ವಾಕ್ಯ ಸಾಕು. ಬ್ರ್ಯಾಡ್ಲಿ-ಆರ್ನಲ್ಡ್ ಇನ್ನೂ ಆಳವಾದದ್ದು, ಆದರೆ ಈಗಲೇ ಬೇಡ, ಒಂದು ವರ್ಷ ಬಿಟ್ಟು ನೋಡಿ. ನಿಘಂಟಿಗೆ ಶಿಕಾಗೋ ವಿಶ್ವವಿದ್ಯಾಲಯದ ಲೋಜಿಯನ್ ಅನ್ನುವ ಜಾಲತಾಣ ಉಚಿತವಾಗಿ ಇದೆ, ಸದ್ಯಕ್ಕೆ ದುಡ್ಡು ಕೊಟ್ಟು ತರುವುದು ಬೇಡ.

ಅಂದರೆ ಇವತ್ತೇ ಪೆರ್ಸೆಯುಸ್ ಕಥೆಯ ಮೊದಲ ಪುಟ ತೆರೆಯಬಹುದು, ಒಂದು ರೂಪಾಯಿ ಖರ್ಚಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಆ ವಾಕ್ಯವನ್ನೂ ನೀವು ಮಾಡಿದ ಕನ್ನಡವನ್ನೂ ಬರೆದು ಕಳಿಸಿ. ಬಿಡಿಸೋಣ.