ಡಿಜಿಟಲ್ ಕಾಮಿಕ್ಸ್ ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತವೆ? ಯಾವುದರಿಂದ ಶುರು ಮಾಡಲಿ?

ನಾನಾದರೆ ಪ್ಯಾನೆಲ್ ಸಿಂಡಿಕೇಟ್ ತಾಣಕ್ಕೆ ಮೊದಲು ಹೋಗಿ ಅನ್ನುತ್ತೇನೆ. ಅಲ್ಲಿ ಬೆಲೆ ನಿಮ್ಮಿಷ್ಟ. ಸೊನ್ನೆ ಹಾಕಿದರೂ ಫೈಲ್ ಡೌನ್‌ಲೋಡ್ ಆಗುತ್ತದೆ. ಬರಹಗಾರ ಬ್ರಯಾನ್ ಕೆ. ವಾನ್ ಮತ್ತು ಚಿತ್ರಕಾರ ಮಾರ್ಕೋಸ್ ಮಾರ್ಟಿನ್ 2013ರಲ್ಲಿ ಅಲ್ಲಿ ಶುರು ಮಾಡಿದ ‘ದಿ ಪ್ರೈವೇಟ್ ಐ’ ಓದಿ, ಒಟ್ಟು 10 ಸಂಚಿಕೆ. ಎಲ್ಲರ ಆನ್‌ಲೈನ್ ಗುಟ್ಟುಗಳೂ ಒಮ್ಮೆ ಬಯಲಾಗಿಬಿಡುತ್ತವೆ. ಆಮೇಲೆ ಜನ ಇಂಟರ್ನೆಟ್ ಬಿಟ್ಟು, ಮುಖವಾಡ ಹಾಕಿಕೊಂಡೇ ಓಡಾಡುತ್ತಾರೆ. ಅಂಥ ಲೋಕದ ಪತ್ತೇದಾರಿ ಕಥೆ ಇದು. ಪುಟಗಳು ಅಡ್ಡಕ್ಕಿವೆ, ಲ್ಯಾಪ್‌ಟಾಪ್ ಪರದೆಗೆ ಸರಿಯಾಗಿ ಕೂರುತ್ತವೆ. ಇಷ್ಟವಾದರೆ ಸುಮ್ನೆ ಇರಬೇಡಿ, ಒಂದಿಷ್ಟು ಕೊಡಿ. ಮಾಡಿದವರಿಗೆ ಅದೇ ಸಂಬಳ ಅಲ್ವಾ?

ಜಾಸ್ತಿ ಓದುವವರಿಗೆ ಹಂಬಲ್ ಬಂಡಲ್ ಅನ್ನೋ ತಾಣ ಇದೆ. ಆಗಾಗ ಬರುವ ಕಾಮಿಕ್ಸ್ ಗಂಟುಗಳಲ್ಲಿ ಒಂದೇ ಬೆಲೆಗೆ ರಾಶಿ ಪುಸ್ತಕ. (ನಾನು ಕೊಂಡದ್ದರಲ್ಲಿ ಅರ್ಧ ಇನ್ನೂ ತೆರೆದೇ ಇಲ್ಲ.)

ಅಮೆಜಾನ್‌ನ ಕಿಂಡಲ್‌ನಲ್ಲೂ ರಿಯಾಯಿತಿ ಬರುತ್ತಿರುತ್ತದೆ. ಕಾಮಿಕ್ಸ್ ಓದುವ ಕಾಮಿಕ್ಸಾಲಜಿ ಆಪ್ 2023ರ ಡಿಸೆಂಬರ್‌ನಲ್ಲಿ ಅದರೊಳಗೇ ಸೇರಿಹೋಯಿತು. ಆದರೆ ಅಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಓದುವ ಪರವಾನಗಿ ಮಾತ್ರ, ಫೈಲ್ ನಿಮ್ಮ ಸ್ವಂತದ್ದಾಗುವುದಿಲ್ಲ.

ಅಮೆರಿಕದಲ್ಲಿದ್ದೀರಾ? ನಿಮ್ಮೂರಿನ ಲೈಬ್ರರಿಯಲ್ಲಿ ಹೂಪ್ಲಾ (ಲೈಬ್ರರಿ ಮೂಲಕ ಡಿಜಿಟಲ್ ಪುಸ್ತಕ ಎರವಲು ಕೊಡುವ ಆಪ್) ಇದೆಯಾ ಕೇಳಿ. ಇದ್ದರೆ ಲೈಬ್ರರಿ ಕಾರ್ಡ್ ಇದ್ದರೆ ಸಾಕು, ಪುಕ್ಕಟೆ.